ಪಂಪಣ್ಣನ ಬಾಯಿಯ ಲವಂಗ

ಹೊಸಪೇಟೆಯಿಂದ ಕಂಪ್ಲಿಗೆ ಹೊರಟ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಹೊರಗೆ ಮಳೆ ಜಿನುಗುತ್ತಿತ್ತು, ಎಲ್ಲರೂ ಗಾಜು ಮುಚ್ಚಿಕೊಂಡಿದ್ದರು. ಬಸ್ಸು ಊರು ದಾಟುವ ಹೊತ್ತಿಗೆ ಹಿಂದಿನ ಸೀಟಿನಿಂದ ಲವಂಗದ ವಾಸನೆ ಬಂತು. ಬೇರೆಯವರಿಗೆ ಲವಂಗವೆಂದರೆ ಪಲಾವೋ ಹಲ್ಲುನೋವೋ ನೆನಪಾಗುತ್ತದೆ. ನನಗೆ ಮಾತ್ರ, ಇದರ ಕೆಳಗೆ ಇನ್ನೊಂದು ವಾಸನೆ ಇದೆಯಾ ಎಂಬ ಅನುಮಾನ ಮೊದಲು ಏಳುತ್ತದೆ. ಚಪ್ಪಲಿ ಸರಿಮಾಡಿಕೊಳ್ಳುವವಳಂತೆ ಬಗ್ಗಿ, ತಿರುಗಿ ನೋಡಿದೆ. ವಯಸ್ಸಾದ ಅಜ್ಜನೊಬ್ಬ ದವಡೆಗೆ ಟವೆಲ್ ಒತ್ತಿಕೊಂಡು ಕಣ್ಣು ಮುಚ್ಚಿದ್ದ. ಕೆನ್ನೆ ಊದಿತ್ತು. ಹಲ್ಲುನೋವೇ ಇರಬೇಕು. ಆದರೂ ಪೂರ್ತಿ ನಂಬಲು ಮನಸ್ಸಾಗದೆ ಇನ್ನೊಮ್ಮೆ ಮೂಗು ಎಳೆದುಕೊಂಡೇ ಮುಂದಕ್ಕೆ ತಿರುಗಿದೆ.

ನಾನು ಹೊರಟಿದ್ದೂ ಒಂದು ಅನುಮಾನ ಹೊತ್ತುಕೊಂಡೇ. ಕಂಪ್ಲಿಯಲ್ಲಿರುವ ಪಂಪಣ್ಣ ಎಂಬಾತ ತಿಂಗಳುಗಟ್ಟಲೆ ನನಗೆ ಫೋನ್ ಮಾಡಿರಲಿಲ್ಲ. ನಾನು ಮಾಡಿದರೆ ಸ್ವಿಚ್ ಆಫ್. ಆತನ ಹೆಂಡತಿ ಹುಲಿಗೆಮ್ಮನದೂ ಹಾಗೇ. ಮತ್ತೆ ಕುಡಿತಕ್ಕೆ ಬಿದ್ದನೇ? ಅವಳು ಹೊರಗೆ ಹಾಕಿದಳೇ? ಮನಸ್ಸು ತಡೆಯದೆ ರಜೆ ಹಾಕಿ ಬಸ್ಸು ಹತ್ತಿದ್ದೆ. ಲವಂಗದ ವಾಸನೆ ಮೂಗಿಗೆ ಬಡಿದದ್ದೇ ತಡ, ಪಂಪಣ್ಣ ನಮ್ಮಲ್ಲಿಗೆ ಬಂದ ಆ ಮಳೆಗಾಲವೆಲ್ಲ ಬಸ್ಸಿನೊಳಗೆ ಬಂದು ನನ್ನ ಪಕ್ಕದಲ್ಲೇ ಕೂತಿತು.

ಆಗ ನಾನು ಹೊಸಪೇಟೆಯಲ್ಲಿ ಸಂಡೂರು ರಸ್ತೆಯ ಒಂದು ವ್ಯಸನಮುಕ್ತಿ ಕೇಂದ್ರದಲ್ಲಿ ಆಪ್ತಸಮಾಲೋಚಕಿಯಾಗಿ ಹೊಸದಾಗಿ ಸೇರಿದ್ದೆ. ಮೈನಿಂಗ್ ಜೋರಾಗಿದ್ದ ಕಾಲದಲ್ಲಿ ಯಾರೋ ಗೆಸ್ಟ್‌ಹೌಸ್ ಅಂತ ಕಟ್ಟಿಸಿ, ಆಮೇಲೆ ಖಾಲಿ ಬಿಟ್ಟಿದ್ದ ಕಟ್ಟಡ ಅದು. ಎಷ್ಟು ಮಳೆ ಬಂದರೂ ಕಿಟಕಿಯ ಸರಳುಗಳ ಸಂದಿಯಿಂದ ಕೆಂಪು ಧೂಳು ಹೋಗುತ್ತಿರಲಿಲ್ಲ. ಅದಿರಿನ ಲಾರಿ ಓಡಿಸುವವರು, ಫ್ಯಾಕ್ಟರಿಯ ಶಿಫ್ಟಿನವರು, ಕಬ್ಬಿನ ಗದ್ದೆಯವರು, ಅಂಗಡಿಯವರು, ಒಬ್ಬ ಮೇಷ್ಟ್ರು, ಹೀಗೆ ಎಲ್ಲ ಥರದವರೂ ಬಂದು ಇರುತ್ತಿದ್ದರು.

ಅನುಮಾನ ನಮ್ಮ ಮನೆತನದ ಆಸ್ತಿ. ಹಾಲಿನವನು ಇನ್ನೂ ಬಾಗಿಲಲ್ಲಿ ನಿಂತಿರುವಾಗಲೇ ನಮ್ಮಮ್ಮ ಹಾಲಿಗೆ ಬೆರಳು ಅದ್ದಿ ನೋಡುವವಳು. ಮದುವೆ ಮನೆಗೆ ಹೋದರೆ ಇದು ನಿಜವಾದ ತುಪ್ಪವಾ ಅಂತ ಅಂಗೈ ಮೇಲೆ ಉಜ್ಜಿ ಮೂಸುವವಳು. ಅವಳ ಮಗಳು ನಾನು. ಇಂಥ ಕೆಲಸಕ್ಕೆ ಸೇರಿದ್ದೇ ತಪ್ಪೆಂದು ಗೆಳತಿಯರು ನಗಾಡುತ್ತಿದ್ದರು. ಆದರೆ ಕೇಂದ್ರಕ್ಕೆ ಹೋಗಿ ನೋಡಿದರೆ ನನ್ನ ಜಾಯಮಾನಕ್ಕೆ ಹೇಳಿ ಮಾಡಿಸಿದ ಜಾಗ. ಅಲ್ಲಿ ಅನುಮಾನ ಪಡುವುದೇ ಕೆಲಸವಾಗಿತ್ತು.

ವಾರ್ಡಿನ ಕಾವಲು ನೋಡಿಕೊಳ್ಳುತ್ತಿದ್ದ ಗಾದಿಲಿಂಗಪ್ಪ ನನ್ನನ್ನು ಮೊದಲ ದಿನವೇ ತಯಾರು ಮಾಡಿದ. "ಮೇಡಮ್ಮಾ, ಇಲ್ಲಿ ಯಾರನ್ನೂ ನಂಬಬ್ಯಾಡ್ರಿ. ರೊಟ್ಟಿ ಗಂಟು ಬಂತಂದ್ರ ಒಂದೊಂದ ರೊಟ್ಟಿ ಎತ್ತಿ ನೋಡ್ರಿ, ನಡುವ ಪೌಚ್ ಇರ್ತೈತಿ. ಎಳನೀರು ತಂದ್ರ ಕೆಳಗ ಸೂಜಿ ಚುಚ್ಚೀರೇನು ನೋಡ್ರಿ. ಶಾಂಪೂ ಬಾಟ್ಲಿ ಅಲುಗಾಡಿಸ್ರಿ, ನೊರಿ ಬರದಿದ್ರ ಅದು ಶಾಂಪೂ ಅಲ್ಲ." ಇಷ್ಟೆಲ್ಲ ಹೇಳಿ, ಕೊನೆಗೆ ದೊಡ್ಡ ಗುಟ್ಟಿನಂತೆ ಹೇಳಿದ್ದು ಲವಂಗದ ವಿಷಯ. ಬಾಯಿಗೆ ಸುವಾಸನೆ ಕೊಡುವ ಯಾವುದೂ ಒಳಗೆ ಬರಕೂಡದು. ಲವಂಗ, ಏಲಕ್ಕಿ, ಸೋಂಪು, ಎಲ್ಲಕ್ಕೂ ನಿಷೇಧ. ಒಳಗಿನ ಚಿಕಿತ್ಸೆ ಮುಗಿದ ಮೇಲೆ ಕೆಲವರು ಹಗಲು ಕೆಲಸಕ್ಕೆ ಹೋಗಿ, ಸಂಜೆ ಬಂದು ಕೇಂದ್ರದಲ್ಲೇ ಮಲಗುತ್ತಿದ್ದರು. ಅವರೆಲ್ಲ ಗೇಟಿನಲ್ಲಿ ಗಾದಿಲಿಂಗಪ್ಪನ ಮುಂದೆ ಬಾಯಿ ತೆರೆದು ಊದಬೇಕು. ವಾಸನೆ ಸಿಕ್ಕಿತೋ, ಅವತ್ತೇ ಮನೆಗೆ. ಒಂದು ಸಲ ಕುಡಿದರೂ ಹೊರಗೆ ಎಂಬ ನಿಯಮವನ್ನು ಬೋರ್ಡಿನಲ್ಲಿ ಬರೆಸಿ ನಡುಮನೆಯಲ್ಲಿ ತೂಗುಹಾಕಿದ್ದರು.

ಪಂಪಣ್ಣ ಬಂದದ್ದು ಡ್ಯಾಮಿನ ಗೇಟು ಎತ್ತಿದ ವಾರ. ಹೊಳೆ ತುಂಬಿ ಹಂಪಿಯಲ್ಲಿ ಹರಿಗೋಲು ನಿಂತಿತ್ತು, ಪ್ರವಾಸಿಗರು ಕಡಿಮೆಯಾಗಿದ್ದರು. ಪಂಪಣ್ಣ ಹಂಪಿಯಲ್ಲಿ ಗೈಡು. ನಲವತ್ತು ದಾಟಿದ ಮನುಷ್ಯ, ಕೈ ನಡುಗುತ್ತಿತ್ತು, ಕಣ್ಣು ಹಳದಿಯಾಗಿತ್ತು, ಆದರೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೇ ಬಂದಿದ್ದ. ಕರೆತಂದವಳು ಹೆಂಡತಿ ಹುಲಿಗೆಮ್ಮ. ಒಂದು ವರ್ಷದಿಂದ ಅವಳು ಮಗಳನ್ನು ಕರೆದುಕೊಂಡು ಕಂಪ್ಲಿಯಲ್ಲಿ ಬೇರೆ ಮನೆ ಮಾಡಿ, ರೈಸ್ ಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದಳು.

"ಸಾಯಾಕ ಬಿಡಾಕ ಮನಸ್ಸಾಗ್ಲಿಲ್ರಿ ಮೇಡಂ, ಕರ್ಕೊಂಡು ಬಂದೀನಿ," ಅಂದಳು. "ಮನಿಗೆ ಕರ್ಕೊಳ್ಳೋದು ಬಿಡೋದು ಆಮ್ಯಾಲಿನ ಮಾತು. ಮಳಿಗಾಲ ಮುಗೀಲಿ, ಬರ್ತೀನಿ. ನೀವು ಹೂಂ ಅಂದ್ರ ಕರ್ಕೊಂಡು ಹೋಗ್ತೀನಿ. ಊಂಹೂಂ ಅಂದ್ರ ಈ ಕಡಿ ಮಾರಿ ಹಾಕಾಂಗಿಲ್ಲ."

"ನಾನ್ಯಾಕೆ ಹೇಳಬೇಕು? ನಿಮಗೇ ಗೊತ್ತಾಗುತ್ತಲ್ಲ," ಅಂದೆ.

"ನಂಗ ಮೂಗಿನಾಗ ಜೀವ ಉಳಿದಿಲ್ರಿ. ಹದಿನೈದು ವರ್ಷ ದಿನಾ ಸಂಜಿಕ ಬಾಗಲದಾಗ ನಿಂತು ಇವನ ಬಾಯಿ ಮೂಸಿ ಒಳಗ ಬಿಟ್ಟೀನಿ. ಸಾಕಾಗೈತಿ. ಇನ್ನ ನೀವು ಮೂಸ್ರಿ."

ಹಾಗೆ ಆ ಸಂಸಾರದ ಹೂಂ ಮತ್ತು ಊಂಹೂಂ ಎರಡೂ ನನ್ನ ತಲೆಯ ಮೇಲೆ ಬಂದು ಕೂತವು.

ಮೈಯಲ್ಲಿನ ನಡುಕ ಇಳಿದು, ಪಂಪಣ್ಣ ಮಾತಿಗೆ ಕೂತ ಮೊದಲ ದಿನ ನಾನು ಏನಾದರೂ ಕೇಳುವ ಮುಂಚೆ ಆತನೇ ಶುರು ಮಾಡಿದ. "ಮೇಡಮ್ಮಾರ, ತಮ್ದು ಇದ ಊರ ಏನ್ರಿ? ಭಾಳ ವರ್ಷ ಆತೇನ್ರಿ ಈ ಕೆಲಸಕ್ಕ ಬಂದು? ಮನ್ಯಾಗ ಯಾರ್ಯಾರು?" ಅದೂ ಇದೂ ಮಾತಿನ ನಡುವೆ, ಹಿಂದಿನ ವರ್ಷ ನಮ್ಮಪ್ಪ ತೀರಿಕೊಂಡದ್ದನ್ನು ನಾನು ಹೇಳಿದೆ. ಆತ ತಲೆ ಅಲ್ಲಾಡಿಸಿದ. ಆಮೇಲೆ ನಾನು ಕೇಳಿದೆ, ಕುಡಿಯಲು ಯಾಕೆ ಶುರು ಮಾಡಿದಿರಿ ಅಂತ. ಆತ ಒಮ್ಮೆ ನನ್ನ ಮುಖ ನೋಡಿ, ಆಮೇಲೆ ನೆಲ ನೋಡಿದ. ಸಣ್ಣವನಿದ್ದಾಗ ಅಪ್ಪ ತುಂಬಿದ ಹೊಳೆಯಲ್ಲಿ ಹರಿಗೋಲು ಹಾಕಲು ಹೋಗಿ ವಾಪಸು ಬರಲಿಲ್ಲವೆಂದೂ, ಆವತ್ತಿನಿಂದ ಹೊಳೆಯ ಸದ್ದು ಕೇಳಿದರೆ ನಿದ್ದೆ ಬಾರದೆಂದೂ, ಕುಡಿದರೆ ಮಾತ್ರ ಆ ಸದ್ದು ನಿಲ್ಲುತ್ತದೆಂದೂ ಹೇಳಿದ. ಹೇಳುವಾಗ ಗಂಟಲು ಎಲ್ಲಿ ಕಟ್ಟಬೇಕೋ ಅಲ್ಲೇ ಕಟ್ಟಿತು. ಹಾಲಿಗೆ ಬೆರಳು ಅದ್ದಿ ನೋಡುವವಳ ಮಗಳಾದ ನಾನು ಕಣ್ಣೊರೆಸಿಕೊಂಡೆ.

ಸೋಮವಾರ ನಮ್ಮ ಮೀಟಿಂಗು. ವಾರಕ್ಕೊಮ್ಮೆ ಬರುವ ಮನೋವೈದ್ಯರು, ನರ್ಸ್ ಶಾಂತಮ್ಮ, ನಾನು, ಗಾದಿಲಿಂಗಪ್ಪ ಎಲ್ಲರೂ ಕೂತು ಒಬ್ಬೊಬ್ಬ ರೋಗಿಯ ಬಗ್ಗೆ ಮಾತಾಡುತ್ತಿದ್ದೆವು. ಪಂಪಣ್ಣನ ಸರದಿ ಬಂದಾಗ ನಾನು ಹೊಳೆಯ ಕಥೆಯನ್ನು ಮನ ಕರಗುವ ಹಾಗೆ ಹೇಳಿದೆ. ಶಾಂತಮ್ಮ ಹುಬ್ಬೇರಿಸಿದರು. "ಅಲ್ರಿ, ನನಗ ಹಂಗ ಹೇಳಿಲ್ಲ. ದೇವಿ ಹರಕಿ ತಪ್ಪಿತಂತ, ಆಕಿ ಮುನಿಸಿಕೊಂಡಾಳಂತ. ಅಳಾಕ ಹತ್ತಿದ್ದ, ಪಾಪ." ಶಾಂತಮ್ಮನವರು ಮಂಗಳವಾರ, ಶುಕ್ರವಾರ ಒಪ್ಪತ್ತು ಮಾಡುವವರು. ಡಾಕ್ಟರು ತಮ್ಮ ಫೈಲು ನೋಡಿ ನಕ್ಕರು. ಅವರಿಗೆ ಸೊಂಟನೋವೆಂದು ಹೇಳಿದ್ದ. ದಿನವಿಡೀ ಬಂಡೆಗಳ ಮೇಲೆ ಹತ್ತಿ ಇಳಿದು ನೋವು, ನೋವಿಗೆ ನಿದ್ದೆ ಇಲ್ಲ, ನಿದ್ದೆಗೆಂದು ಕುಡಿತ. ಡಾಕ್ಟರೂ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡಿದ್ದದ್ದು ಅಂಗಿಯ ಮೇಲೆಯೇ ಕಾಣುತ್ತಿತ್ತು. ಬಾಗಿಲ ಬಳಿ ನಿಂತ ಗಾದಿಲಿಂಗಪ್ಪ ಕೆಮ್ಮಿದ. "ನನಗ ಹೆಂಡ್ತಿ ಕಾಟ ಅಂದಾನ್ರಿ," ಎಂದು ಮೆಲ್ಲಗೆ ಹೇಳಿದ. ಗಾದಿಲಿಂಗಪ್ಪನ ಹೆಂಡತಿಯ ಬಾಯಿ ಹೇಗೆಂದು ಕೇಂದ್ರದಲ್ಲಿ ಎಲ್ಲರಿಗೂ ಗೊತ್ತಿತ್ತು.

ನನ್ನ ಕೋಪ ನೆತ್ತಿಗೇರಿತು. ಅಲ್ಲಿಂದಲೇ ಹುಲಿಗೆಮ್ಮನಿಗೆ ಫೋನ್ ಹಚ್ಚಿದೆ. "ನಿಮ್ಮ ಮಾವ ಹೊಳೆಯಲ್ಲಿ ಹೋಗಿದ್ದು ಯಾವಾಗ?"

"ನಮ್ಮ ಮಾವನ? ನನ್ನ ಕೂಡನ ಬಂದು ಕಂಪ್ಲ್ಯಾಗ ಅದಾನ್ರಿ. ಈಗರ ಉಂಡು ಮಕ್ಕೊಂಡಾನ. ಎಬ್ಬಸ್ಲೇನು?"

ಮರುದಿನ ಪಂಪಣ್ಣನನ್ನು ಕೂರಿಸಿ, "ನಿಮ್ಮಪ್ಪ ಊಟ ಮಾಡಿ ಮಲಗ್ಯಾರಂತೆ," ಅಂದೆ. ಮುಖದಲ್ಲಿ ನಾಚಿಕೆಯ ಸುಳಿವಾದರೂ ಬೇಡವೇ? "ಹೌದೇನ್ರಿ? ಆರಾಮ ಅದಾನಂತೇನು?" ಅಂತ ಕೇಳಿದ! ಆವತ್ತಿನಿಂದ ಆತ ಬೆಳಗಾಯಿತು ಅಂದರೂ ನಾನು ಕಿಟಕಿಯ ಕಡೆ ನೋಡಿ ಖಚಿತ ಮಾಡಿಕೊಳ್ಳುವ ಸ್ಥಿತಿಗೆ ಬಂದೆ. ಆತನನ್ನು ಕಳಿಸಿಬಿಡೋಣ, ಇವನು ಸುಳ್ಳುಗಾರ, ನಮ್ಮ ಕೈಲಾಗದು ಅಂತ ಡಾಕ್ಟರಿಗೆ ದುಂಬಾಲು ಬಿದ್ದೆ.

ಡಾಕ್ಟರು ಕನ್ನಡಕ ಒರೆಸಿಕೊಂಡರು. "ನಾವು ನಾಲ್ಕು ಮಂದಿ ಕೇಳಿದ್ದು ಒಂದೇ ಪ್ರಶ್ನೆ. ಯಾಕೆ ಕುಡೀತೀಯ? ಅವನಿಗೂ ಗೊತ್ತಿರಲಿಕ್ಕಿಲ್ಲ. ಗೊತ್ತಿಲ್ಲ ಅಂದರೆ ನಾವು ಬಿಡ್ತಿದ್ವೇನು? ಕಳಿಸೋದಿದ್ರೆ ಕಳಿಸೋಣ. ಆದರೆ ಅವನು ಕೆಲಸ ಹೇಗೆ ಮಾಡ್ತಾನೆ, ಯಾವಾಗಾದ್ರೂ ನೋಡಿದ್ದೀಯಾ?"

ನೋಡಿರಲಿಲ್ಲ. ಹೊಸಪೇಟೆಯವರು ಹಂಪಿಗೆ ಹೋಗುವುದು ನೆಂಟರು ಬಂದಾಗ ಮಾತ್ರ, ಗೈಡು ಮಾಡಿಕೊಳ್ಳುವುದಂತೂ ಇಲ್ಲವೇ ಇಲ್ಲ.

ಒಳಗಿನ ಚಿಕಿತ್ಸೆ ಮುಗಿದು ಪಂಪಣ್ಣ ಹಗಲು ಕೆಲಸಕ್ಕೆ ಹೋಗಿಬರಲು ಶುರು ಮಾಡಿದ. ಎರಡನೇ ವಾರದಲ್ಲೇ ಗೇಟಿನಲ್ಲಿ ಗದ್ದಲ. ಗಾದಿಲಿಂಗಪ್ಪ ಆತನ ಜೇಬಿನಿಂದ ಲವಂಗದ ಪೊಟ್ಟಣ ತೆಗೆದು ನನ್ನ ಮೇಜಿನ ಮೇಲಿಟ್ಟ. "ಊದಿದ್ರ ಬರೇ ಲವಂಗ ಹೊಡೀತೈತ್ರಿ. ಒಳಗ ಏನೈತೋ ದೇವ್ರಿಗೇ ಗೊತ್ತು."

"ಕುಡದಿಲ್ರಿ ಮೇಡಮ್ಮಾರ," ಅಂದ ಪಂಪಣ್ಣ. "ಬಾಯಿ ಸುಮ್ಮನ ಇರಾಂಗಿಲ್ಲ, ಅದಕ್ಕ ಅಗೀತೀನಿ."

ನಾನು ನಂಬಲಿಲ್ಲ. ಯಾವ ಬುದ್ಧಿವಂತರು ನಂಬುತ್ತಿದ್ದರು? ಕಣ್ಣು ನೋಡಿದೆ, ನಡಿಗೆ ನೋಡಿದೆ, ಏನೂ ಸಿಗಲಿಲ್ಲ. ಪೊಟ್ಟಣ ಕಿತ್ತುಕೊಂಡು ಎಚ್ಚರಿಕೆ ಕೊಟ್ಟು ಒಳಗೆ ಬಿಟ್ಟೆ. ಮರುದಿನ ನನ್ನ ವಾರದ ರಜೆ, ಯಾರಿಗೂ ಹೇಳದೆ, ತಲೆಗೆ ಸೆರಗು ಹೊದ್ದು, ಕೊಡೆ ಮುಂದಕ್ಕೆ ಬಾಗಿಸಿ ಹಂಪಿಗೆ ಹೋದೆ. ಕೈಯಾರೆ ಹಿಡಿಯಬೇಕೆಂಬ ಹಟ.

ವಿಠ್ಠಲ ದೇವಸ್ಥಾನದ ಅಂಗಳ ಒದ್ದೆಯಾಗಿ ಕಪ್ಪಗೆ ಹೊಳೆಯುತ್ತಿತ್ತು. ಅಲ್ಲೊಂದು ಇಲ್ಲೊಂದು ಗುಂಪು. ಪಂಪಣ್ಣ ಹುಬ್ಬಳ್ಳಿ ಕಡೆಯ ಒಂದು ಸಂಸಾರವನ್ನು ಕರೆದುಕೊಂಡು ಬಂದ. ನಾನು ಕಂಬದ ಹಿಂದೆ ನಿಂತೆ. ಕಲ್ಲಿನ ರಥದ ಮುಂದೆ ಆತ ಮೊದಲು ಮಾಡಿದ್ದು ಕಥೆ ಹೇಳುವುದಲ್ಲ. "ಯಾವ ಕಡಿಯಿಂದ ಬಂದ್ರಿ? ಏನು ಉದ್ಯೋಗ? ಅಜ್ಜಿಗೆ ಕಾಲು ನೋವೇನ್ರಿ?" ಅಜ್ಜಿ ಭಕ್ತಿಯವರೆಂದು ಗೊತ್ತಾಯಿತು, ಗರುಡನ ಕಥೆ ಬಂತು. ಮಧ್ಯಾಹ್ನ ಒಂದು ಎಂಜಿನಿಯರುಗಳ ಗುಂಪು, ಅವರಿಗೆ ಅದೇ ರಥದ ಮುಂದೆ ಕಲ್ಲಿಗೆ ಕಲ್ಲು ಕೂರಿಸಿದ ಲೆಕ್ಕಾಚಾರ. ಹೊಸದಾಗಿ ಮದುವೆಯಾದವರಿಗೆ ರಾಣಿಯೊಬ್ಬಳು ಇಲ್ಲಿ ನಿಂತು ನೃತ್ಯ ನೋಡಿದ್ದು. ಪ್ರತಿ ಸಲವೂ ಹೇಳುವ ಮುಂಚೆ ಒಂದು ಕ್ಷಣ ಮುಖ ನೋಡುತ್ತಿದ್ದ. ಆ ನೋಟ ನನಗೆ ಗೊತ್ತಿತ್ತು. ನನ್ನ ಎದುರಿನ ಕುರ್ಚಿಯಲ್ಲಿ ಕೂತು, ನೆಲ ನೋಡುವ ಮುಂಚೆ, ನನ್ನನ್ನು ನೋಡಿದ್ದು ಅದೇ ನೋಟದಿಂದ.

ನಾವೆಲ್ಲ ಆತನ ಗಿರಾಕಿಗಳಾಗಿದ್ದೆವು! ನನಗೆ ನನ್ನ ಮೇಲೇ ನಗು ಬಂತು. ಓದಿ ಬಂದವರು ನಾವು, ಯಾಕೆ ಯಾಕೆ ಎಂದು ಕೇಳುತ್ತ ಟಿಕೆಟ್ ಕೊಂಡವರ ಹಾಗೆ ಎದುರು ಕೂತಿದ್ದೆವು. ಆತ ಬಂದವರನ್ನು ಬರಿಗೈಯಲ್ಲಿ ಕಳಿಸಿದವನಲ್ಲ.

ಮಳೆ ಜೋರಾಯಿತು. ಕೊನೆಯ ಗುಂಪು ವ್ಯಾನು ಹತ್ತಿ ಹೋಯಿತು. ಪಂಪಣ್ಣ ನೇರವಾಗಿ ನಾನು ನಿಂತ ಕಂಬದ ಕಡೆಗೇ ಬಂದ. "ಮೇಡಮ್ಮಾರ, ಮುಂಜಾನಿಯಿಂದ ನೋಡಾಕ ಹತ್ತೀನಿ, ಕಳ್ಳರಂಗ ಅಡ್ಡಾಡಾಕ ಹತ್ತೀರಿ. ಗೈಡ್ ಬೇಕಾಗಿತ್ತೇನ್ರಿ?"

ಸಿಕ್ಕಿಬಿದ್ದದ್ದು ನಾನು. ಮಂಟಪದ ಕಟ್ಟೆಯ ಮೇಲೆ ಕೂತೆವು. ಏನು ಕೇಳಬೇಕೋ ತೋಚಲಿಲ್ಲ. ಚಂದದ ಉತ್ತರ ಹುಟ್ಟದಂಥ ಪ್ರಶ್ನೆಯೇ ಬೇಕಿತ್ತು. ಕೊನೆಗೆ, "ನಿನ್ನೆ ಎದ್ದಾಗಿನಿಂದ ಏನೇನು ಮಾಡಿದ್ರಿ? ಅಷ್ಟೇ ಹೇಳ್ರಿ," ಅಂದೆ.

ಆತ ನನ್ನ ಮುಖ ನೋಡಿದ. ಅಲ್ಲಿ ಏನೂ ಸಿಗಲಿಲ್ಲವೋ ಏನೋ, ತಡವರಿಸುತ್ತಾ ಹೇಳಿದ. ಎದ್ದದ್ದು, ಬಸ್ಸು, ಚಾ, ಎರಡು ಗುಂಪು. "ಸಂಜಿಕ ಮಂದಿ ಹೋಗಿಬಿಡ್ತಾರ್ರಿ. ದಿನಾಪೂರ್ತಿ ಮಾತಾಡಿ ಮಾತಾಡಿ ಒಮ್ಮಿಗೇ ನಿಂತ್ರ, ಬಾಯಿಗೆ ಏನು ಮಾಡಬೇಕು ತಿಳಿಯಾಂಗಿಲ್ಲ. ನಾಲಿಗಿ ಹೊಳ್ಳಾಡ್ತೈತಿ. ಕಮಲಾಪುರದಾಗ ಡ್ರೈವರ್‌ಗೋಳು ಕುಂತಿರ್ತಾರ, ಬಾ ಪಂಪಣ್ಣ ಅಂತಾರ. ಅವರು ಬಾ ಅಂದ್ರೂ ಬೇಕಾಗತೈತಿ, ಅನ್ನದಿದ್ರೂ ಬೇಕಾಗತೈತಿ. ಅರ್ಧಾ ತಾಸು ತಡಕೊಂಡ್ರ ಬಸ್ಸು ಬರ್ತೈತಿ. ಆ ಅರ್ಧಾ ತಾಸು ಭಾಳ ಕೆಟ್ಟದ್ರಿ. ನಿನ್ನಿ ಎರಡು ಲವಂಗ ಅಗದೀನಿ, ಬಸ್ಸು ಬಂತು."

ಕಣ್ಣೀರಿಲ್ಲ, ಅಪ್ಪ ಇಲ್ಲ, ಹೊಳೆ ಇಲ್ಲ. ಇಷ್ಟು ದಿನ ನಾನು ಕೇಳಿದ್ದರಲ್ಲಿ ಇದೇ ಸಪ್ಪೆ ಮಾತು, ಇದರಿಂದಲೇ ನನಗೆ ಕೆಲಸಕ್ಕೆ ಬರುವಂಥದ್ದು ಸಿಕ್ಕಿತು. ಆ ಅರ್ಧ ಗಂಟೆಗೆ ಏನು ಮಾಡುವುದೆಂದು ನಾವಿಬ್ಬರೂ ಕೂತು ಯೋಚಿಸಬಹುದಿತ್ತು, ಯೋಚಿಸಿದೆವು ಕೂಡ. ಬೇರೆ ಸ್ಟಾಪಿನಿಂದ ಬಸ್ಸು ಹತ್ತುವುದು, ಆ ಹೊತ್ತಿಗೆ ಮಗಳಿಗೆ ಫೋನ್ ಮಾಡುವುದು. ಆದರೂ ಬಸ್ಸಿನಲ್ಲಿ ವಾಪಸು ಬರುವಾಗ ಅನುಮಾನ ಮತ್ತೆ ತಲೆ ಎತ್ತಿತು. ಮಳೆಯಲ್ಲಿ ನೆನೆದು ಇಷ್ಟು ದೂರ ಬಂದವಳು ಬರಿಗೈಯಲ್ಲಿ ಹೋಗಬಾರದೆಂದು ನನಗೆ ತಕ್ಕ ಹಾಗೆ ಕಟ್ಟಿದ ಕಥೆಯಾಗಿದ್ದರೆ? ಸಪ್ಪೆ ಮಾತು ಬೇಕಾದವರಿಗೆ ಸಪ್ಪೆ ಮಾತು!

ಅನುಮಾನ ಇಟ್ಟುಕೊಂಡೇ ಡಾಕ್ಟರ ಹತ್ತಿರ ಹೇಳಿ ಪಂಪಣ್ಣನಿಗೆ ಮಾತ್ರ ಲವಂಗಕ್ಕೆ ಒಪ್ಪಿಗೆ ಕೊಡಿಸಿದೆ. ಗಾದಿಲಿಂಗಪ್ಪ ಮುಖ ಸಿಂಡರಿಸಿದ. "ನೀವು ಓದಿದೋರು, ಹೇಳಿದ್ರಿ, ಆತು. ನನ್ನ ಮೂಗಿಗೆ ಮಾತ್ರ ಇನ್ನ ಏನೂ ಹೇಳಬ್ಯಾಡ್ರಿ."

ಮಳೆ ಹಿಂದಾಯಿತು. ಹೊಳೆ ಇಳಿಯಿತು. ಒಂದು ಬೆಳಿಗ್ಗೆ ಹುಲಿಗೆಮ್ಮ ಬಂದಳು, ತೊಳೆದ ಸೀರೆ ಉಟ್ಟು, ಕೈಯಲ್ಲಿ ಖಾಲಿ ಚೀಲ ಹಿಡಿದು. ಬಟ್ಟೆ ತುಂಬಿಕೊಂಡು ಹೋಗಲು ತಂದ ಚೀಲ ಅದು. ಪಂಪಣ್ಣನನ್ನೂ ಕರೆಸಿದೆ. ಮೂವರೂ ಕೂತೆವು.

"ಹೇಳ್ರಿ ಮೇಡಂ," ಅಂದಳು. "ಹೂಂ ಏನು, ಊಂಹೂಂ ಏನು?"

ಹೂಂ ಎನ್ನುವುದು ಎಷ್ಟು ಸುಲಭವಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ನಾಳೆ ಆತ ಕುಡಿದರೆ ಆ ಮಗು, ಈ ಹೆಂಗಸು ನನ್ನ ಮಾತನ್ನು ನಂಬಿ ಕೆಡುತ್ತಾರೆ. "ನನಗೆ ಗೊತ್ತಿಲ್ಲ ಹುಲಿಗೆಮ್ಮ," ಅಂದೆ. "ಗೇಟಿನಲ್ಲಿ ಸಿಕ್ಕಿಬಿದ್ದಿಲ್ಲ. ಅಷ್ಟನ್ನೇ ನಾನು ಹೇಳಬಲ್ಲೆ."

ಅವಳ ಮುಖ ಬಿಗಿಯಿತು. ಗಂಡನ ಕಡೆ ತಿರುಗಿದಳು. "ಹಂಗಾರ ನೀನ ಹೇಳು. ಮಗಳ ತಲಿ ಮ್ಯಾಲ ಆಣಿ ಇಟ್ಟು ಹೇಳು, ಇಲ್ಲಿಗೆ ಬಂದಮ್ಯಾಲ ಮುಟ್ಟಿಲ್ಲ ಅಂತ."

ಪಂಪಣ್ಣ ಅವಳ ಮುಖ ನೋಡಿದ. ಆಮೇಲೆ ನನ್ನ ಮುಖ. ಅದೇ ಅಳೆಯುವ ನೋಟ. ಶುರುವಾಯಿತು ಅಂದುಕೊಂಡೆ. ಒಳ್ಳೆಯ ಕಥೆಯೊಂದು ಬರಲಿದೆ, ಗಂಟಲು ಕಟ್ಟಬೇಕಾದಲ್ಲಿ ಕಟ್ಟಲಿದೆ, ಚೀಲ ತುಂಬಲಿದೆ. ಆತ ಇಬ್ಬರನ್ನೂ ಬಿಟ್ಟು ಕಿಟಕಿಯ ಸರಳಿನ ಕಡೆ ನೋಡಿದ.

"ಆಣಿ ಬ್ಯಾಡ," ಅಂದ. "ಹ್ವಾದ ಶುಕ್ರವಾರ ಕುಡದೀನಿ. ಬಸ್ಸು ಕೆಟ್ಟಿತ್ತು, ಬರ್ಲಿಲ್ಲ. ಒಂದು ಕ್ವಾರ್ಟರ್. ಲವಂಗ ಹಾಕ್ಕೊಂಡು ಬಂದೆ. ಇಂವ ದಿನಾ ಅಗೀತಾನ ಅಂತ ಗಾದಿಲಿಂಗಣ್ಣ ಒಳಗ ಬಿಟ್ಟ."

ಮೊದಲು ನನಗಾದದ್ದು ಖುಷಿ. ನನ್ನ ಅನುಮಾನ ಸರಿಯಿತ್ತು ಎಂಬ ಖುಷಿ, ಸುಳ್ಳು ಯಾಕೆ ಹೇಳಲಿ. ಅದರ ಬೆನ್ನಿಗೇ ಇನ್ನೊಂದು ಹೊಳೆಯಿತು. ಈ ಮಾತು ಆ ಕೋಣೆಯಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಹೆಂಡತಿಗೆ ಬೇಡ, ನನಗೆ ಬೇಡ, ಬೋರ್ಡಿನ ನಿಯಮದ ಪ್ರಕಾರ ಅವತ್ತೇ ಹೊರಬೀಳಬೇಕಾದ ಆತನಿಗಂತೂ ಬೇಡವೇ ಬೇಡ. ಕೇಳುವವರ ಮುಖ ನೋಡಿ ಮಾತಾಡುತ್ತಿದ್ದವನು ಮುಖ ನೋಡದೆ ಆಡಿದ ಮಾತು ಅದು. ಆ ಮಳೆಗಾಲದಲ್ಲಿ ನಾನು ಪಂಪಣ್ಣನನ್ನು ನಂಬಿದ್ದು ಆಗ.

ಹುಲಿಗೆಮ್ಮ ಚೀಲದ ಹಿಡಿಕೆ ತಿರುವುತ್ತಾ ಕೇಳಿದಳು. "ಯಾರ ಕೂಡ ಕುಡಿದಿ?"

"ನಾ ಒಬ್ಬನ."

"ಆಮ್ಯಾಲ?"

"ಇಲ್ಲ."

ಅವಳು ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ನೀರು ತುಂಬಿತ್ತು, ದನಿ ಮಾತ್ರ ಜಗಳಕ್ಕೆ ನಿಂತವಳದು. "ನೋಡ್ರಿ ಮೇಡಂ, ಮದುವಿ ಆದಾಗಿಂದ ಕುಡಿದೀನಿ ಅಂತ ಇವನ ಬಾಯಿಂದ ಕೇಳಿದ್ದು ಇದ ಮೊದಲ. ನಾನ ಮೂಸಿ ಹೇಳಬೇಕಾಗಿತ್ತು, ಇಂವ ಇಲ್ಲ ಅಂತ ಆಣಿ ಮಾಡಬೇಕಾಗಿತ್ತು, ಆಮ್ಯಾಲ ಹೊಡದಾಟ. ಹಿಂಗ ಕುಂತು ಯಾವತ್ತೂ ಹೇಳಿಲ್ಲ." ಎದ್ದು ನಿಂತಳು. "ನಡಿ. ಬಟ್ಟಿ ತುಂಬ್ಕೋ. ಒಳಗ ಅಲ್ಲ ಮತ್ತ. ಕಟ್ಟಿ ಮ್ಯಾಲ ಮಕ್ಕೋ. ಕುಡದಿ ಅಂದ್ರ ಮರುದಿನ ಮೇಡಮ್ಮಗ ಫೋನ್ ಮಾಡಿ ಹೇಳು. ನನಗ ಹೇಳಬ್ಯಾಡ, ನನಗ ಸಿಟ್ಟು ಬರ್ತೈತಿ."

ನಿಯಮದ ಪ್ರಕಾರ ಆತನನ್ನು ಹೊರಗೆ ಹಾಕಿದ್ದೂ ಆಯಿತು, ಹೆಂಡತಿ ಕರೆದುಕೊಂಡು ಹೋದದ್ದೂ ಆಯಿತು. ಸೋಮವಾರ ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಆ ಬೋರ್ಡಿನ ಕೆಳಗೆ ಹೋಗಿ ನಿಂತು ಬಹಳ ಹೊತ್ತು ಓದಿದರು. "ನಿಜ ಹೇಳಿದವನು ಹೊರಗೆ, ಚೆನ್ನಾಗಿ ಮುಚ್ಚಿಟ್ಟವನು ಒಳಗೆ," ಅಂದರು. ಕೇಂದ್ರ ನಡೆಸುವವರ ಜೊತೆ ಅವರು ಎಷ್ಟು ಸಲ ಜಗಳವಾಡಿದರೋ ತಿಳಿಯದು. ಮುಂದಿನ ಬೇಸಿಗೆಗೆ ಬೋರ್ಡು ಇಳಿಯಿತು. ಅದರ ಮೊಳೆ ಈಗಲೂ ಗೋಡೆಯಲ್ಲಿದೆ, ಅದಕ್ಕೆ ಕ್ಯಾಲೆಂಡರ್ ಹಾಕಿದ್ದೇವೆ.

ಈಗ ಹೊಸದಾಗಿ ಕೆಲಸಕ್ಕೆ ಬರುವ ಹುಡುಗಿಯರನ್ನು ನಾನು ಮೊದಲು ಹಂಪಿಗೆ ಕಳಿಸುತ್ತೇನೆ. ಒಂದು ದಿನ ಯಾವುದಾದರೂ ಗೈಡಿನ ಹಿಂದೆ ಸುತ್ತಿ ಬನ್ನಿ, ಆಮೇಲೆ ರೋಗಿಯ ಎದುರು ಕೂರಿ ಅನ್ನುತ್ತೇನೆ. ಮೇಡಂಗೆ ತಲೆ ಸರಿಯಿಲ್ಲ ಅಂತ ಅವರು ಮಾತಾಡಿಕೊಳ್ಳುವುದು ನನಗೆ ಕೇಳಿಸುತ್ತದೆ.

ಪಂಪಣ್ಣನ ಫೋನ್ ಬರುತ್ತಿತ್ತು. ಯಾವಾಗಲೂ ಬೆಳಿಗ್ಗೆಯೇ. "ಮೇಡಮ್ಮಾರ, ನಿನ್ನಿ ಆತ್ರಿ." ಅಷ್ಟೇ. ಎಲ್ಲಿ, ಎಷ್ಟು ಹೊತ್ತಿಗೆ, ಅದಕ್ಕೆ ಮುಂಚೆ ಏನಾಯಿತು ಅಂತ ಸಪ್ಪೆ ಪ್ರಶ್ನೆಗಳನ್ನು ಕೇಳುತ್ತಿದ್ದೆ. ಮೊದಮೊದಲು ಮೇಲಿಂದ ಮೇಲೆ, ಆಮೇಲೆ ಅಪರೂಪಕ್ಕೆ, ಆಮೇಲೆ ಹಬ್ಬಕ್ಕೊಂದು ಸಲ. ಈಗ ಇಲ್ಲವೇ ಇಲ್ಲ. ಹಾಗಾಗಿ ಈ ಬಸ್ಸು.

ಕಂಪ್ಲಿಯಲ್ಲಿ ಇಳಿದಾಗ ಮಳೆ ನಿಂತಿತ್ತು. ಮಿಲ್ಲುಗಳ ಕಡೆಯಿಂದ ಕುದಿಸಿದ ಭತ್ತದ ವಾಸನೆ ಬರುತ್ತಿತ್ತು. ಹುಲಿಗೆಮ್ಮನ ಓಣಿಗೆ ತಿರುಗಿದೆ. ಆತನಿಗೆ ಮಲಗಲು ಕೊಟ್ಟಿದ್ದ ಮನೆಯ ಮುಂದಿನ ಕಟ್ಟೆ ಖಾಲಿ. ಹಾಸಿಗೆ ಸುರುಳಿ ಇಲ್ಲ, ಟ್ರಂಕಿಲ್ಲ, ಆತನ ಚಪ್ಪಲಿಯೂ ಇಲ್ಲ. ಹೋದನೇ? ಹೊರಗೆ ಹಾಕಿದಳೇ? ಬಾಗಿಲು ಬಡಿದೆ.

ಹುಲಿಗೆಮ್ಮ ಹೊರಬಂದಳು. "ಅಯ್ಯ ಮೇಡಂ! ಬರ್ರಿ, ಕುಂದ್ರಿ. ಹೇಳದ ಕೇಳದ ಬಂದ್ರಲ್ರಿ."

"ಪಂಪಣ್ಣ ಎಲ್ಲಿ?"

"ಒಳಗ ಅದಾನ್ರಿ."

ಒಳಗೆ! ಪಂಪಣ್ಣ ಹೊಸ್ತಿಲು ದಾಟಿ ಬಂದ. ಮೈ ತುಂಬಿಕೊಂಡಿತ್ತು. "ಫೋನ್ ಯಾಕ್ರಿ ಇಲ್ಲ? ಆಫ್ ಬೇರೆ," ಅಂದೆ, ಬಯ್ಯುವ ದನಿಯಲ್ಲೇ.

"ನಂಬರ್ ಬದಲಿ ಮಾಡಿಸೀವ್ರಿ, ಎಲ್ಲಾರದು. ನಿಮಗ ಹೇಳಬೇಕಂತ ಹೊಳೀಲಿಲ್ಲ. ಹೇಳೋದು ಏನೂ ಇರ್ಲಿಲ್ಲಲ್ರಿ," ಅಂದ.

ಆ ಮಾತಿಗೆ ಕಾಲಡಿಯ ನೆಲ ಗಟ್ಟಿಯಾದಂತಾಯಿತು. ಅಷ್ಟಕ್ಕೆ ಸುಮ್ಮನಿರಬಹುದಿತ್ತು. ಆದರೆ ನನಗೆ ಗೊತ್ತಿಲ್ಲದೆಯೇ ನಾನು ಎರಡು ಹೆಜ್ಜೆ ಮುಂದೆ ಹೋಗಿ, ಕುತ್ತಿಗೆ ಚಾಚಿ, ಆತನ ಬಾಯಿಯ ಹತ್ತಿರ ಉದ್ದಕ್ಕೆ ಉಸಿರು ಎಳೆದುಕೊಂಡೆ. ಲವಂಗ.

ಹುಲಿಗೆಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ನಾ ಬಿಟ್ಟು ಭಾಳ ದಿನ ಆತ್ರಿ ಮೇಡಂ. ನಿಮಗ ಇನ್ನೂ ಬಿಡಾಕ ಆಗವಲ್ದೇನು?"

ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಪಂಪಣ್ಣ ನಗಲಿಲ್ಲ. "ಸುಮ್ನಿರಲೇ," ಅಂದ ಹೆಂಡತಿಗೆ. "ಒಮ್ಮಿಗೇ ಬಿಡಾಕ ಆಗಾಂಗಿಲ್ಲ." ಜೇಬಿನಿಂದ ಪೊಟ್ಟಣ ತೆಗೆದು, ಒಂದು ಲವಂಗ ಆರಿಸಿ ನನ್ನ ಅಂಗೈ ಮೇಲಿಟ್ಟ. "ಹಂಗ ಅನಿಸಿದಾಗ ಇದನ್ನ ಬಾಯಾಗ ಇಟ್ಕೋರ್ರಿ ಮೇಡಮ್ಮಾರ. ಸ್ವಲ್ಪ ಹೊತ್ತಷ್ಟ. ಹೋಗತೈತಿ."

ಬಾಯಿಗೆ ಹಾಕಿಕೊಂಡು ಕಟ್ಟೆಯ ಮೇಲೆ ಕೂತೆ.